ಕಲೆ ಇಲ್ಲದ ಕಲ್ಲು

ಶಹಾಬಾದಿನ ಪರಸಿ ಕಲ್ಲು ಸೀಳೋ ಮನೆತನದಾಕಿ ಸುಗಲಮ್ಮ. ಉಳಿ ಇಟ್ಟು ಒಂದು ಏಟು ಕೊಟ್ಟಳಂದ್ರ ಕಲ್ಲು ಹಾಳೆಹಾಳೆಯಾಗಿ ಬಿಚ್ಚಿಕೊಳ್ಳಬೇಕು, ಅಂಥಾ ಕೈ. ಹೈದರಾಬಾದಿಗೆ ಬಂದ ಮ್ಯಾಲೆ ಗಚ್ಚಿಬೌಲಿಯ ಸಾಫ್ಟ್‌ವೇರ್ ಮಂದಿಯ ಫ್ಲಾಟುಗಳಿಗೆ ನಾಕು ವರ್ಷ ಪರಸಿ ಹಾಸಿದಳು. ಸಾಸಿವೆಕಾಳಿನಷ್ಟು ಕಪ್ಪು ಕಂಡರೂ ಆ ಮಂದಿ ಕಲ್ಲು ವಾಪಸ್ ಕಳಿಸ್ತಿದ್ದರು. ಹಂಗಾಗಿ ಕಲೆ ಕಂಡ ಕೂಡಲೇ ಉಜ್ಜೋ ಕಲ್ಲು ತಗೊಂಡು ತಿಕ್ಕೋದು ಆಕಿ ಕೈಗೆ ಹತ್ತಿಬಿಟ್ಟಿತ್ತು.

ಅಲ್ಲೇ ಯೂನಿವರ್ಸಿಟಿಯಾಗ ಭೂವಿಜ್ಞಾನ ಕಲಿಸೋ ಸತ್ಯಭಾಮಾ ಬಾಯಾರು ಆ ಕೈ ನೋಡಿ ಆಕೀನ ತಮ್ಮ ಲ್ಯಾಬಿಗೆ ಕರಕೊಂಡರು. ವಿಕಾರಾಬಾದ್ ಕಡೆ ಕೋಟ್ಯಂತರ ವರ್ಷದ ಹಿಂದೆ ಒಂದು ಕೆರಿ ಇತ್ತಂತ. ಅದರ ಕೆಸರೆಲ್ಲಾ ಕಲ್ಲಾಗೇತಿ, ಆ ಪದರದಾಗ ಆಗಿನ ಹುಳದ ಗುರುತು ಹುಡುಕೋದು ಬಾಯಾರ ಕೆಲಸ. "ನೀ ಸೀಳಿ ಕೊಡವಾ, ಹುಳ ನಾವು ನೋಡ್ಕೋತೀವಿ" ಅಂದರು, ಅಷ್ಟೇ. ಈ ಓದಿದವರ ಮಾತೇ ಹಂಗ, ಅರ್ಧ ಹೇಳಿ ಅರ್ಧ ನುಂಗೋದು. ಕಾಲು, ಮೀಸಿ ಎಲ್ಲಾ ಇರೋ ಹುಳಾನೇ ಕಲ್ಲಾಗಿ ಕುಂತಿರತೈತಿ ಅಂದ್ಕೊಂಡಳು ಸುಗಲಮ್ಮ.

ಆರು ತಿಂಗಳು ಸೀಳಿದಳು. ಹುಳದ ಸುದ್ದಿಯೇ ಇಲ್ಲ. ಮುಂದಿನ ತಿಂಗಳೂ ಏನೂ ಸಿಗದಿದ್ರ ಕೆಲಸ ಬಂದ್ ಅಂತ ಮ್ಯಾಲಿನವರ ಕಾಗದ ಬಂತು. ಬಾಯಾರ ಮುಖ ಬಾಡಿ ಹೋಯ್ತು.

ಒಂದು ಮುಂಜಾನೆ ಬಾಯಾರು ದಿನಕ್ಕಿಂತ ಲಗೂ ಬಂದು, ಸುಗಲಮ್ಮ ಆಗಷ್ಟೇ ಬಿಡಿಸಿದ ಕಲ್ಲಿನ ಒಂದು ಹೋಳು ಎತ್ತಿದವರೇ "ಅಯ್ಯಯ್ಯೋ, ರೆಕ್ಕಿ!" ಅಂತ ಕೂಗಿದರು. ಅಕ್ಕಿಕಾಳಿನಷ್ಟು ಕಂದು ಕಲೆ. "ಇದರ ಜೋಡಿ ಹೋಳು ಎಲ್ಲೈತಿ? ಉಳಿದರ್ಧ ಅದರಾಗ ಇರತೈತಿ!"

ಜೋಡಿ ಹೋಳು ಸುಗಲಮ್ಮನ ಕಾಲ ಹತ್ರಾನೇ ಇತ್ತು. ಈಗಷ್ಟೇ ತಿಕ್ಕಿ ಕನ್ನಡಿಯಂಗ ಮಾಡಿದ್ದಳು. "ಗೊತ್ತಿಲ್ರೀ" ಅಂದು ಸೆರಗಿನಾಗ ಮುಚ್ಚಿಕೊಂಡಳು. ಬೈಗುಳ ತಿಂದಾಕಿ ತಾರಾ, ಬಾಯಾರ ಕೈಕೆಳಗ ಓದೋ ಹುಡುಗಿ. ಪಾಪ, ಕಸದ ಬುಟ್ಟಿ ಬೋರಲು ಹಾಕಿ, ಕಣ್ಣು ಒರೆಸಿಕೊಂತ ಹುಡುಕಾಕತ್ತಿದ್ದಳು. ಮಧ್ಯಾಹ್ನ ಸುಗಲಮ್ಮ ರೊಟ್ಟಿ ಗಂಟು ಬಿಚ್ಚಿ ಹಂಗೇ ಕಟ್ಟಿದಳು. ಥೂ, ಏನು ಬಾಳೇ ನಂದು, ಮಾಡಿದಾಕಿ ನಾನು, ಅಳಾಕಿ ಆ ಹುಡುಗಿ! ಎದ್ದು ಹೋಗಿ ಬಾಯಾರ ಮುಂದ ಹೋಳು ಇಟ್ಟಳು.

"ಬಾಯಾರ, ತಾರವ್ವಂದು ತಪ್ಪಿಲ್ರಿ. ಕಲೆ ಅಂತ ನಾನೇ ತಿಕ್ಕೀನಿ."

ಬಾಯಾರು ಬೈಯಲಿಲ್ಲ. ಮೊದಲ ಹೋಳನ್ನ ಸೂಕ್ಷ್ಮದರ್ಶಕದ ಕೆಳಗ ಇಟ್ಟು "ಬಾ, ನೋಡು" ಅಂದರು. ಅರಳಿ ಎಲಿಯಂಗ ಸಣ್ಣ ಸಣ್ಣ ನರ ಇದ್ದ ಅರ್ಧ ರೆಕ್ಕಿ. "ಇಷ್ಟು ದಿನ ನಿನಗೊಂದು ಚಿತ್ರಾನೂ ತೋರಿಸಲಿಲ್ಲ. ತಪ್ಪು ನಂದೂ ಐತಿ" ಅಂದರು. ಆಮ್ಯಾಲೆ ಏನೋ ಹೊಳೆದವರಂಗ ಗ್ವಾಡಿಗೆ ಒರಗಿಸಿದ್ದ ಆರು ತಿಂಗಳ ಖಾಲಿ ಕಲ್ಲುಗಳ ಕಡೆ ತಿರುಗಿದರು.

"ಸುಗಲವ್ವ, ಇದೊಂದೇ ತಿಕ್ಕಿದ್ದೇನು?"

ಸುಗಲಮ್ಮ ನೆಲ ಬಿಟ್ಟು ಕಣ್ಣು ಎತ್ತಲಿಲ್ಲ.

"ಕಲೆ ಕಂಡದ್ದೆಲ್ಲಾ ತಿಕ್ಕೀನ್ರಿ. ನಿಮಗ ಸ್ವಚ್ಛ ಇದ್ದದ್ದೇ ಕೊಡಬೇಕಂತ."