ಫಾದರ್ ಹೊಡೆದುಹಾಕದ ಸಾಲು

ಹತ್ತನೇ ಕ್ಲಾಸು ಎರಡು ಸಲ ಡುಮ್ಕಿ ಹೊಡೆದ ನನ್ನ ಕೈಗೆ ಬೈಬಲ್ ಪಂಡಿತರ ಪುಸ್ತಕ ಸಿಕ್ಕಿದ್ದೇ ತಮಾಷೆ. ಹೋದ ವರ್ಷ ಅರಕಲಗೂಡಿನ ಡಿಟಿಪಿ ಅಂಗಡಿಯಲ್ಲಿ ಅದನ್ನ ಟೈಪ್ ಮಾಡ್ತಿದ್ದೆ. ಸಾವಿರ ವರ್ಷಕ್ಕೂ ಹಿಂದೆ ಐರ್ಲೆಂಡಿನಲ್ಲಿ ಮಠ ನಡೆಸುತ್ತಾ ಬೈಬಲ್ಲಿಗೆ ವ್ಯಾಖ್ಯಾನ ಬರೆದ ಸ್ವಾಮಿಗಳೊಬ್ಬರ ಬಗ್ಗೆ ವಯಸ್ಸಾದ ಫಾದರ್ ಒಬ್ಬರು ಬರೆದಿದ್ದರು. ಒಂದು ಮಧ್ಯಾಹ್ನ ತಲೆಕೆಟ್ಟು, ಪುಟದ ಕೊನೆಗೆ 'ಸಾಕು ಸ್ವಾಮಿ, ಹೊಟ್ಟೆ ಹಸೀತೈತೆ, ಮುದ್ದೆ ಬಸ್ಸಾರು ಇಕ್ಕಿ' ಅಂತ ಸೇರಿಸಿದೆ. ಅಳಿಸೋದು ಮರೆತೆ. ಪ್ರೂಫು ಫಾದರ್ ಕೈ ಸೇರಿಬಿಟ್ಟಿತು.

ಓನರ್ ಮಂಜಣ್ಣ ಮೊದಲೇ ಹೇಳಿದ್ದ: "ಇನ್ನೊಂದು ಕಿತಾಪತಿ ಮಾಡು, ಶುಂಠಿ ಕೀಳಕ್ಕೆ ಓಗ್ತೀಯ ಕಣ್ಲಾ."

ಮೂರನೇ ದಿನ ಫಾದರ್ ಬಂದರು. ನನ್ನ ಪುಣ್ಯ, ಮಂಜಣ್ಣ ಟೀ ಕುಡಿಯೋಕೆ ಹೋಗಿದ್ದ.

"ಇದು ಯಾರು ಬರೆದದ್ದಪ್ಪ?"

"ತಪ್ಪಾಯ್ತು ಸಾ. ಅಳಿಸ್ಬುಡ್ತೀನಿ, ಮಂಜಣ್ಣಂಗೆ ಮಾತ್ರ ಹೇಳ್ಬೇಡಿ."

ಫಾದರ್ ನಕ್ಕುಬಿಟ್ಟರು. "ಆಗ ಐರ್ಲೆಂಡಿನ ಮಠಗಳಲ್ಲಿ ಗ್ರಂಥ ನಕಲು ಮಾಡುತ್ತಿದ್ದವರೂ ಹೀಗೇ ಕಣಯ್ಯ. ಕೈ ಸೆಟೆದಿದೆ, ಶಾಯಿ ಸರಿಯಿಲ್ಲ ಅಂತ ಪುಟದ ಅಂಚಿನಲ್ಲಿ ಗೊಣಗುತ್ತಿದ್ದರು. ಇರಲಿ ಬಿಡು."

ಪ್ರೂಫು ನೋಡಿದೆ. ಪುಟದ ತುಂಬ ಕೆಂಪು ಗೀಟು, ನನ್ನ ಸಾಲಿಗೆ ಒಂದೂ ಇಲ್ಲ. ಪಕ್ಕದಲ್ಲಿ ಅವರ ದುಂಡಕ್ಷರ: 'ನನಗೂ ಹಸಿವು.'

ಫಾದರ್ ಈಗ ವರ್ಗವಾಗಿ ದೂರ ಹೋಗಿದ್ದಾರೆ. ನೆನಪಾದಾಗ ಅಚ್ಚಾದ ಪುಸ್ತಕದಲ್ಲಿ ನನ್ನ ಸಾಲಿರೋ ಆ ಪುಟ ತೆಗೀತೀನಿ. ಮಂಜಣ್ಣನೂ ಓದಿದ್ದಾನೆ. ಬಂದ ಗಿರಾಕಿಗೆಲ್ಲ ಹೇಳ್ತಾನೆ: "ಐರ್ಲೆಂಡ್ ಸ್ವಾಮಿಗೋಳ್ಗೂ ಬಸ್ಸಾರು ಅಂದ್ರೆ ಪ್ರಾಣ ಕಣಣ್ಣ, ಬುಕ್ಕಲ್ಲೇ ಐತೆ."

ನಾನು ತಿದ್ದೋಕೆ ಹೋಗಿಲ್ಲ. ಕೆಲಸ ಇನ್ನೂ ಬೇಕಲ್ಲ.