ಮೈಕಿಗೆ ಬಾಡಿಗೆ, ಗಂಟಲಿಗೆ ತಾಂಬೂಲ

ಗೆಳೆಯರೇ, ಇವತ್ತು ನಮ್ಮ ಗುಂಡ್ಲುಪೇಟೆಯ ನಾಡಹಬ್ಬದಲ್ಲಿ ಹಾಡಲು ಬಂದವರು ಹಾಡುವುದಿಲ್ಲ ಎಂದುಬಿಟ್ಟರು.

ಸೋಬಾನೆ ಪದ ಹಾಡುವ ಪುಟ್ಟಮ್ಮ ಇನ್ನೂ ನಾಲ್ವರು ಹೆಂಗಸರೊಂದಿಗೆ ಹರದನಹಳ್ಳಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಅವರನ್ನು ಕರೆಸಿದ ಸಮಿತಿಯಲ್ಲಿ ನಾನೂ ಒಬ್ಬ. ಚಪ್ಪರದ ನೆರಳೆಲ್ಲ ಗಣ್ಯರ ಕುರ್ಚಿಗಳಿಗೆ ಹೋಗಿತ್ತು. ಸ್ವತಂತ್ರ ಭಾರತಕ್ಕೆ ಹಳ್ಳಿಯ ಕಲಾವಿದರೇ ಉಸಿರು ಎಂಬ ನಮ್ಮ ಅಧ್ಯಕ್ಷರ ಉದ್ದನೆಯ ಭಾಷಣವನ್ನು ಆ ಕಲಾವಿದರು ಬಿಸಿಲಲ್ಲಿ ನಿಂತು ಕೇಳಿದರು. ಆಮೇಲೆ ಹಾಡಲು ಕರೆದರೆ ಪುಟ್ಟಮ್ಮ ವೇದಿಕೆ ಹತ್ತಲಿಲ್ಲ.

"ನಮ್ಗೇನ್ ಕೊಟ್ಟೀರಿ ಬುದ್ಧಿ?" ಎಂದು ಕೇಳಿದರು.

"ಫಲತಾಂಬೂಲ ಇದೆಯಲ್ಲಮ್ಮ. ಇದು ಕಲಾಸೇವೆ," ಎಂದರು ಅಧ್ಯಕ್ಷರು.

"ಮೈಸೂರಿಂದ ಬಂದವ್ನಲ್ಲ, ಆ ಮೈಕಿನವ್ನಿಗೆ?"

"ಅವನಿಗೆ ಬಾಡಿಗೆ, ಊಟ."

"ಅಂಗಾರೆ ಆ ಮೈಕೇ ಆಡ್ಲಿ ಬುಡಿ."

ಹೀಗೆಂದವರೇ ಹೆಂಗಸರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನ ಖಾಲಿ ಕುರ್ಚಿಗಳಲ್ಲಿ ಕುಳಿತರು. ಏಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಜನ ಕಾದರು, ಕೂಗಾಡಿದರು. ಮೈಕಿನವನ "ಹಲೋ, ಹಲೋ" ಬಿಟ್ಟರೆ ವೇದಿಕೆಯಿಂದ ಏನೂ ಕೇಳಲಿಲ್ಲ. ಕೊನೆಗೆ ಮೈಕಿಗೆ ಕೊಡುವಷ್ಟನ್ನೇ ಇವರಿಗೂ ಕೊಡಲು ಒಪ್ಪಿದೆವು.

"ಮೊದ್ಲು ಊಟ, ಆಮೇಕೆ ಪದ," ಎಂದರು ಪುಟ್ಟಮ್ಮ.

ಉಂಡು ಬಂದು ಅವರು ಹಾಡಿದ್ದಕ್ಕೆ ಗಣ್ಯರೂ ತಲೆದೂಗಿದರು. ಅಧ್ಯಕ್ಷರು ಮಾತ್ರ ನನ್ನ ಬಳಿ ನೊಂದುಕೊಂಡರು: "ಕಲೆಯನ್ನೂ ವ್ಯಾಪಾರ ಮಾಡಿಬಿಟ್ಟರಲ್ಲ, ಮೇಷ್ಟ್ರೇ."

ಅವರು ವೃತ್ತಿಯಲ್ಲಿ ವಕೀಲರು. ಮುಂಗಡ ಫೀಸು ಕೈಗೆ ಬಾರದೆ ಕೋರ್ಟಿನಲ್ಲಿ ಅವರು ಬಾಯಿ ತೆರೆದದ್ದನ್ನು ನಾನಂತೂ ನೋಡಿಲ್ಲ.