ಟಿಟ್ವಾಲಾದಲ್ಲಿ ನಾನು ತಿಂದ ಪ್ರಸಾದ

ಥಾಣೆ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಟಿಟ್ವಾಲಾ ಲೋಕಲ್ ರೈಲು ಬರುವುದನ್ನೂ ಹೋಗುವುದನ್ನೂ ನೋಡಿದವಳು ನಾನು. ಟಿಟ್ವಾಲಾ ಎಂದರೆ ನನಗೆ ಗಾಡಿಯ ಹಣೆಯ ಮೇಲಿನ ಹೆಸರು, ಅಷ್ಟೇ. ಅಲ್ಲಿ ಹೆಸರಾಂತ ಗಣಪತಿ ದೇವಸ್ಥಾನವಿದೆಯೆಂದು ಗೊತ್ತಿತ್ತು. ಆದರೆ ಕ್ರೈಸ್ತಳಾದ ನನಗೆ ಅಲ್ಲೇನು ಕೆಲಸ ಎಂದುಕೊಂಡಿದ್ದೆ. ಕಳೆದ ವರ್ಷ ಕೆಲಸ ಬಿತ್ತು.

ಸೀವುಡ್ಸಿನ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನ ಅಕ್ಕ ಉಡುಪಿಯವರು. ಅವರ ಯಜಮಾನರಿಗೆ ಥಾಣೆಯ ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು. ನಾನು ಮಂಗಳೂರಿನವಳು, ಕ್ರೈಸ್ತ ಹೆಂಗಸರನ್ನು ಕರೆಯುವ ಊರ ರೂಢಿಯಂತೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಾರೆ. ಒಂದು ದಿನ ಅವರು ಬಚ್ಚಲಲ್ಲಿ ಜಾರಿ ಪಾದ ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಕುಳಿತು ಅಳುತ್ತಿದ್ದರು. ನೋವಿಗೆ ಅಂದುಕೊಂಡೆ, ಹಾಗಲ್ಲ.

"ನಾಳೆ ಸಂಕಷ್ಟಿ, ಮಾರಾಯ್ತಿ. ಟಿಟ್ವಾಲಾಕ್ಕೆ ಹನ್ನೊಂದು ಸಂಕಷ್ಟಿ ಹೋಗ್ತೇನೆ ಅಂತ ಹರಕೆ ಹೇಳಿದ್ದೆ. ಹತ್ತು ಆಯ್ತು. ಒಂದು ತಪ್ಪಿದ್ರೂ ಪುನಃ ಒಂದರಿಂದ ಶುರು ಮಾಡ್ಬೇಕು."

"ಎಂತಕ್ಕೆ ಹೇಳಿದ್ದು ಹರಕೆ?"

"ನಿನ್ನ ಹೊಟ್ಟೆಯ ಗಡ್ಡೆ ತೆಗೆದ ದಿವಸ ಹೇಳಿದ್ದು."

ನನಗೆ ಮೊದಲು ಬಂದದ್ದು ಸಿಟ್ಟು. ಹತ್ತು ತಿಂಗಳು ಈ ಹೆಂಗಸು ಹೋಟೆಲಿಗೆ ಹೋಗಿಬರುತ್ತೇನೆಂದು ನನಗೆ ಸುಳ್ಳು ಹೇಳಿ, ನನ್ನ ಗಡ್ಡೆಗಾಗಿ ಉಪವಾಸ ಬಿದ್ದಿದ್ದರು! ಚೆನ್ನಾಗಿ ಬೈದೆ. ಬೈಯುತ್ತಲೇ ನನಗೂ ಅಳು ಬಂತು. ಸಂಕಷ್ಟಿಯ ದಿನ ಹೋಟೆಲಿನಲ್ಲಿ ಉಪವಾಸದವರು ತಿನ್ನುವ ಸಾಬುದಾನಿ ಖಿಚಡಿಗೆ ಜನ ಮುಗಿಬೀಳುತ್ತಾರೆ. ಅಕ್ಕನ ಮನೆಯವರಲ್ಲಿ ಯಾರಿಗೂ ಬಿಡುವಿಲ್ಲ. "ನಾನು ಹೋದ್ರೆ ನಡೀತದಾ ಅಕ್ಕ?" ಎಂದೆ.

"ಹರಕೆ ನಿನ್ನದೇ, ಕಾಲು ಮಾತ್ರ ನನ್ನದಿತ್ತು," ಎಂದು ಅವರು ಕಣ್ಣೊರೆಸಿಕೊಂಡರು. "ಪ್ರಸಾದ ತಾ. ಚಂದ್ರ ಕಂಡ ಮೇಲೆ ನಾನು ಅದರಲ್ಲೇ ಉಪವಾಸ ಬಿಡುವುದು. ಅಲ್ಲಿವರೆಗೆ ನೀರು ಬಿಟ್ಟು ಏನೂ ಇಲ್ಲ."

ಬೆಳಿಗ್ಗೆ ತೆಂಗಿನಕಾಯಿ, ಗರಿಕೆ, ಕೆಂಪು ದಾಸವಾಳದ ಚೀಲ ಹಿಡಿದು ಹೊರಟೆ. ಕೊರಳ ಶಿಲುಬೆಯನ್ನು ರವಿಕೆಯೊಳಗೆ ಸೇರಿಸಿದ್ದೆ. ಹೆದರಿಕೆಗಲ್ಲ, ಯಾರಾದರೂ ತಕರಾರು ತೆಗೆದು ಅಕ್ಕನ ಹರಕೆ ಕೆಡಬಾರದೆಂದು. ಥಾಣೆಯಲ್ಲಿ ಗಾಡಿ ಬದಲಿಸಿದೆ. ಡೊಂಬಿವಲಿಯಲ್ಲಿ ಹತ್ತಿದ ಹೆಂಗಸರ ಕೈಯಲ್ಲೂ ದಾಸವಾಳ. ಕಲ್ಯಾಣ ದಾಟುವಾಗ ಡಬ್ಬಿಯಿಡೀ ಆರತಿ ಹಾಡುತ್ತಿತ್ತು. ನನಗೆ ಶಬ್ದ ಬರುವುದಿಲ್ಲ, ಚಪ್ಪಾಳೆ ಬರುತ್ತದಲ್ಲ! ಹೊಡೆದೇ ಹೊಡೆದೆ. ಮೊದಲ ಸಲ ಜಾತ್ರೆಗೆ ಹೊರಟ ಮಗುವಿನಷ್ಟು ಖುಷಿ ನನಗೆ.

ದೇವಸ್ಥಾನದ ಪಕ್ಕದ ಕೆರೆಯ ಉದ್ದಕ್ಕೂ ದರ್ಶನಕ್ಕೆ ನಿಂತವರ ಪಾಳಿ. ನನ್ನ ಮುಂದೆ ನಿಂತವಳು ತುರ್ಭೆಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ, ವಿಜಯಪುರದ ಕಡೆಯ ಹೆಂಗಸು. ನಾನು ಅಕ್ಕನಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದ್ದು ಕೇಳಿ ತಿರುಗಿದಳು. "ಮೊದಲನೇ ಸಲ ಏನ್ರಿ ಬಾಯಾರ? ಹಂಗ್ಯಾಕ ಬಾಯಿ ತಕ್ಕೊಂಡು ನೋಡ್ಲಿಕ್ಕತ್ತೀರಿ?"

ನೋಡದೆ ಏನು ಮಾಡಲಿ? ನಮ್ಮ ಇಗರ್ಜಿಯಲ್ಲಿ ದೇವರೆದುರು ಪಿಸುಮಾತು. ಕೆಮ್ಮಿದರೂ ಹತ್ತು ತಲೆ ತಿರುಗುತ್ತವೆ. ಇಲ್ಲಿ ಘಂಟೆ ಬಾರಿಸಿ, ಕೂಗಿ, ನೂಕಿ, ದೇವರನ್ನು ಎಬ್ಬಿಸಿಯೇ ಮಾತಾಡುವುದು. "ಗಣಪತಿ ಬಾಪ್ಪಾ" ಎಂದು ಯಾರೋ ಕೂಗಿದರೆ "ಮೋರಯಾ" ಎಂದು ಎಲ್ಲರಿಗಿಂತ ಜೋರಾಗಿ ನಾನೇ ಕೂಗಿದೆ. ಕಲ್ಲಿನ ಇಲಿಯೊಂದರ ಕಿವಿಯಲ್ಲಿ ಜನ ಗುಟ್ಟು ಹೇಳುತ್ತಿದ್ದರು. ಅದು ದೇವರಿಗೆ ಮುಟ್ಟಿಸುತ್ತದಂತೆ. ನಾನೂ ಬಗ್ಗಿದೆ. ಪಾದ್ರಿಯ ಕಿವಿಯಲ್ಲಿ ಪಾಪನಿವೇದನೆ ಮಾಡಿ ಅಭ್ಯಾಸವಿದ್ದವಳಿಗೆ ಇದೇನು ಮಹಾ? ಪಾದ್ರಿ ಕೇಳುವಂತೆ ಇಲಿ ಮರುಪ್ರಶ್ನೆಯನ್ನೂ ಕೇಳುವುದಿಲ್ಲ. ಅಕ್ಕನ ಪಾದ ಬೇಗ ಕೂಡಲಿ ಎಂದೆ.

ಮಧ್ಯಾಹ್ನ ಮೂರು ಗಂಟೆಯ ಮೇಲೆ ದರ್ಶನ. ಕೇಸರಿ ಬಣ್ಣದ ಆ ಮೂರ್ತಿಯನ್ನು ಕಂಡು ಮೈ ಜುಂ ಎಂದಿತು. ಬದುಕಿದ್ದೇನೆ ಎಂಬ ಸಂತೋಷ ಒಮ್ಮೆಲೇ ಉಕ್ಕಿತು. ಅರ್ಚಕರು ಕಾಯಿ, ಹೂ ತೆಗೆದುಕೊಂಡು ನನ್ನ ಅಂಗೈಯಲ್ಲಿ ಒಂದು ಪೇಡೆ ಇಟ್ಟರು. ನಾನು "ಆಮೆನ್" ಎಂದು ಅದನ್ನು ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿ, ಹಲ್ಲು ತಾಗಿಸದೆ, ನಾಲಿಗೆಯ ಮೇಲೇ ಕರಗಿಸಿದೆ. ಇಗರ್ಜಿಯಲ್ಲಿ ಪರಮಪ್ರಸಾದದ ರೊಟ್ಟಿಯನ್ನು ಆಮೆನ್ ಎಂದು ಪಾದ್ರಿಯ ಎದುರೇ ಸೇವಿಸಬೇಕು. ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಟ್ಟರೂ ಕರೆದು ಗದರುತ್ತಾರೆ. ಎಂಟನೆಯ ವಯಸ್ಸಿನಿಂದ ಬಂದ ಅಭ್ಯಾಸ, ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ.

ವಾಪಸು ಗಾಡಿಯಲ್ಲಿ ತುರ್ಭೆಯವಳು ಸೆರಗಿನ ಗಂಟು ಬಿಚ್ಚಿ ನೋಡಿದಳು. "ಒಂದಽ ಪೇಡೆ, ಮನಿಯಾಗ ಐದು ಮಂದಿ. ನಿಮ್ಮದೆಲ್ಲಿ ಬಾಯಾರ?"

"ತಿಂದೆ," ಎಂದೆ. ಎಂದ ಮೇಲೆ ತಿಳಿಯಿತು.

ಅವಳು ಹಣೆ ಬಡಿದುಕೊಂಡಳು. ಗಾಡಿ ಆಗಲೇ ಡೊಂಬಿವಲಿ ಬಿಟ್ಟಿತ್ತು. ತಿರುಗಿ ಹೋಗಿ ಪಾಳಿ ಹಚ್ಚಿದರೆ ಚಂದ್ರೋದಯದೊಳಗೆ ಸೀವುಡ್ಸ್ ಸೇರುವಂತಿಲ್ಲ. ತನ್ನದರಲ್ಲೇ ಚೂರು ಮುರಿಯಲು ಹೋದಳು, ಪುಣ್ಯಾತ್ಗಿತ್ತಿ. ಐದು ಮಂದಿಯ ಪಾಲಿಗೆ ಕೈಹಾಕಲು ನನ್ನಿಂದಾಗಲಿಲ್ಲ. ನನಗಾಗಿ ಹತ್ತು ತಿಂಗಳು ಹಸಿದವರ ಹರಕೆಯನ್ನು ನಾನೇ ನುಂಗಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಅಕ್ಕ ಕಿಟಕಿಯ ಬಳಿ ಕುಳಿತು ಕಾಯುತ್ತಿದ್ದರು. ಮೇಜಿನ ಮೇಲೆ ಹೋಟೆಲಿನಿಂದ ಬಂದ ಊಟದ ಡಬ್ಬಿ. ನಿಂತಲ್ಲೇ ಎಲ್ಲ ಒಪ್ಪಿಸಿದೆ.

"ಆಮೆನ್ ಅಂದ್ಯಾ?"

"ಅಂದೆ."

ಅಕ್ಕನಿಗೆ ನಗು ಹೇಗೆ ಬಂತೆಂದರೆ, ಪ್ಲಾಸ್ಟರಿನ ಕಾಲು ಸ್ಟೂಲಿನಿಂದ ಜಾರಿತು. "ಪ್ರಸಾದ ನಿನ್ನ ಹೊಟ್ಟೆಯಲ್ಲಿ ಉಂಟಲ್ಲ. ಹಾಗಾದ್ರೆ ನಿನ್ನ ಕೈಯಿಂದಲೇ ನನಗೆ ಏನಾದ್ರೂ ಸಿಗ್ಬೇಕು. ಹೋಗು, ನಿನ್ನ ಮನೆಯಲ್ಲಿ ಸಿಹಿ ಎಂತಾದ್ರೂ ಮಾಡಿ ತಾ."

ನಾನು ಕದಲಲಿಲ್ಲ. ಹದಿನೆಂಟು ವರ್ಷದಲ್ಲಿ ಅಕ್ಕ ನಮ್ಮ ಮನೆಯಲ್ಲಿ ಸಿಪ್ಪೆಯಿರುವ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ನಮ್ಮದು ಮೀನು, ಮಾಂಸ ಬೇಯುವ ಮನೆ. ನಾನು ಬೇಸರಿಸಿದ್ದಿಲ್ಲ; ಸುಳ್ಳು, ಒಳಗೊಳಗೇ ಬೇಸರಿಸಿದ್ದೆ.

"ನಿಮ್ಮ ಪಾತ್ರೆ ಕೊಡಿ, ಅದರಲ್ಲೇ ಮಾಡ್ತೇನೆ," ಎಂದೆ.

"ನಿನ್ನದರಲ್ಲೇ ಮಾಡು ಮಾರಾಯ್ತಿ, ಹಸಿವೆಯಲ್ಲಿ ಸಾಯ್ತಾ ಇದ್ದೇನೆ."

ಓಡಿದೆ. ಶ್ಯಾವಿಗೆ ಹುರಿದು, ಹಾಲು ಕಾಯಿಸಿ ಪಾಯಸ ಮಾಡಿದೆ. ಸಕ್ಕರೆ ಒಲೆಯ ಮೇಲೆಲ್ಲ ಚೆಲ್ಲಿತು. ತರುವಷ್ಟರಲ್ಲಿ ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಚಂದ್ರ ಬಂದಿದ್ದ. ಅಕ್ಕ ಕೈಮುಗಿದು, ಮೊದಲ ಚಮಚ ಬಾಯಿಗಿಟ್ಟರು.

"ಏಲಕ್ಕಿ ಹಾಕ್ಲಿಲ್ವಾ?"

"ಗಡಿಬಿಡಿಯಲ್ಲಿ ಮರೆತೆ ಅಕ್ಕ."

"ಮುಂದಿನ ಸಲ ಹಾಕು," ಎಂದರು.